ಎಡಗೈಯ ಅಮ್ಮ

ಅಮ್ಮಾ,

ನೀನು ಹೋಗಿ ಎರಡು ವರ್ಷವಾಯಿತು, ಇದನ್ನು ಓದಲು ಬರುವವಳಲ್ಲ. ಆದರೂ ನಿನಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಇವತ್ತು ನನ್ನ ಚಿತ್ರಗಳ ಪ್ರದರ್ಶನ ಶುರುವಾಯಿತು. ಹನ್ನೊಂದು ಚಿತ್ರ, ಹನ್ನೊಂದರಲ್ಲೂ ನೀನೇ. ತರಕಾರಿ ಹೆಚ್ಚುತ್ತಿದ್ದೀ, ಗುಂಡಿ ಹೊಲಿಯುತ್ತಿದ್ದೀ, ಅಪ್ಪನ ಅಂಗಿಗೆ ಇಸ್ತ್ರಿ ಹಾಕುತ್ತಾ ಗೊಣಗುತ್ತಿದ್ದೀ. ಸಂಕೋಚವಿಲ್ಲದೆ ಹೇಳುತ್ತೇನೆ, ನಿನ್ನನ್ನು ಇಷ್ಟು ಚೆನ್ನಾಗಿ ಇನ್ಯಾರೂ ಬಿಡಿಸಲಾರರು.

ಚಿಕ್ಕಮ್ಮ ಮಾತ್ರ ಒಂದು ಸುತ್ತು ಹಾಕಿ ಬಂದು ಎಲ್ಲರೆದುರಿಗೇ ಕೇಳಿದಳು: "ಅಲ್ಲ ಕಣೇ, ನಮ್ಮಕ್ಕ ಎಡಚಿ ಆಗಿದ್ದು ಯಾವಾಗ? ಚಾಕು, ಸೂಜಿ, ಇಸ್ತ್ರಿಪೆಟ್ಟಿಗೆ, ಎಲ್ಲಾ ಎಡಗೈಲೇ ಇದೆಯಲ್ಲೇ!"

ಜನ ನಕ್ಕರು, ನಾನೂ ನಕ್ಕೆ. ತಪ್ಪು ಎಲ್ಲಿಂದ ಬಂತೆಂದು ತಕ್ಷಣ ಹೊಳೆಯಿತು. ನಾನು ನೋಡುತ್ತಿದ್ದೇನೆಂದು ಗೊತ್ತಾದರೆ ಸಾಕು, "ಏನೇ ಹಾಗೆ ದಿಟ್ಟಿಸ್ತೀಯಾ, ಬೇರೆ ಕೆಲಸ ಇಲ್ವಾ?" ಎಂದು ನೀನು ಎದ್ದು ಹೋಗುತ್ತಿದ್ದೆ. ಅದಕ್ಕೇ ನಿನಗೆ ಬೆನ್ನು ಹಾಕಿ ಕೂತು, ಬೀರುವಿನ ಕನ್ನಡಿಯಲ್ಲಿ ನಿನ್ನನ್ನು ನೋಡಿಕೊಂಡೇ ಬಿಡಿಸುತ್ತಿದ್ದೆ. ಕನ್ನಡಿ ಬಲವನ್ನು ಎಡ ಮಾಡಿತು, ನಾನು ಹಾಗೇ ಇಳಿಸಿಕೊಂಡೆ.

"ತಿದ್ದಿಬಿಡು," ಎಂದಳು ಚಿಕ್ಕಮ್ಮ.

"ಒಂದು ಗೆರೆಯನ್ನೂ ಮುಟ್ಟಲ್ಲ. ನಾನು ಕಂಡಿದ್ದೇ ಹಾಗೆ," ಎಂದೆ. ಆ ಮಾತನ್ನು ಈಗಲೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಜನ ಕರಗಿದ ಮೇಲೆ ಚಿಕ್ಕಮ್ಮನನ್ನು ಒಂದು ಮೂಲೆಗೆ ಕರೆದು, ನಿನ್ನ ಮಚ್ಚೆ ನಿಜವಾಗಿ ಯಾವ ಕೆನ್ನೆಯ ಮೇಲಿತ್ತೆಂದು ಮೆಲ್ಲಗೆ ಕೇಳಿದೆ.