ಏಳನೇ ತರಗತಿಯ ಲೆಕ್ಕದಿಂದ ತಾವು ಹೊಡೆದುಹಾಕಿದ ಎರಡನೇ ಪ್ರಶ್ನೆ

ಮಾನ್ಯ ಹಣಕಾಸು ಕಾರ್ಯದರ್ಶಿಯವರೇ,

ತಮ್ಮ ಕಚೇರಿಯಿಂದ ಕೆಂಪು ಗೀಟು ಹೊತ್ತು ವಾಪಸಾದ ಒಂದು ಪುಟ ನನ್ನ ಮೇಜಿನ ಮೇಲಿದೆ. ಶಾಲೆಯ ಗಣಿತ ಪುಸ್ತಕಗಳನ್ನು ಪರಿಷ್ಕರಿಸುವುದು ನನ್ನ ಕೆಲಸ. ಮಕ್ಕಳಲ್ಲಿ ಉಳಿತಾಯದ ಅಭ್ಯಾಸ ಬೆಳೆಸುವ ಒಂದು ಲೆಕ್ಕವನ್ನು ಏಳನೇ ತರಗತಿಗೆ ಸೇರಿಸಿ ಎಂದು ತಮ್ಮ ಇಲಾಖೆ ನಮ್ಮ ಪ್ರಕಾಶನಕ್ಕೆ ಬರೆದಿತ್ತು. ಸೇರಿಸಿದೆ. ಒಬ್ಬ ಮಹಿಳೆ ಸರ್ಕಾರಿ ಉಳಿತಾಯ ಪತ್ರದಲ್ಲಿ ಒಂದು ಲಕ್ಷವನ್ನು ಶೇಕಡಾ ಏಳರ ಚಕ್ರಬಡ್ಡಿಗೆ ಇಪ್ಪತ್ತು ವರ್ಷ ಇಟ್ಟರೆ ಕೊನೆಗೆ ಎಷ್ಟು ಸಿಗುತ್ತದೆ? ಈ ಮೊದಲ ಪ್ರಶ್ನೆ ತಮಗೆ ಒಪ್ಪಿಗೆಯಾಗಿದೆ. ಎರಡನೆಯದು ಹೀಗಿತ್ತು: ಹಣ ಇಟ್ಟಾಗ ಹನ್ನೆರಡಿದ್ದ ನೋಟ್‌ಬುಕ್ಕಿನ ಬೆಲೆ ಹಣ ಕೈಗೆ ಬರುವಾಗ ಅರವತ್ತೈದಾಗಿದ್ದರೆ, ಆಕೆ ಅಂದು ಎಷ್ಟು ನೋಟ್‌ಬುಕ್ ಕೊಳ್ಳಬಹುದಿತ್ತು, ಇಂದು ಎಷ್ಟು? ಅದರ ಮೇಲೆ ಗೀಟು ಬಿದ್ದಿದೆ. ಪಕ್ಕದಲ್ಲಿ, ‘ಅನಗತ್ಯ. ಮಕ್ಕಳಲ್ಲಿ ಗೊಂದಲ ಮೂಡಿಸುತ್ತದೆ’ ಎಂಬ ಷರಾ.

ಮಕ್ಕಳ ವಿಷಯ ಬಿಡಿ, ಅವರು ಎರಡು ನಿಮಿಷದಲ್ಲಿ ಉತ್ತರ ಬರೆಯುತ್ತಾರೆ. ಅಂದು 8,333 ನೋಟ್‌ಬುಕ್. ಇಂದು 5,953. ಇಪ್ಪತ್ತು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಕಾದದ್ದಕ್ಕೆ ಆಕೆಗೆ 2,380 ನೋಟ್‌ಬುಕ್ ಖೋತಾ. ಗೊಂದಲವಾಗುವುದು ಯಾರಿಗೆ?

ಈ ಬೆಲೆಗಳು ನನ್ನ ಕಲ್ಪನೆಯಲ್ಲ. ನಾಲ್ಕು ವರ್ಷಕ್ಕೊಮ್ಮೆ ಪುಸ್ತಕ ಪರಿಷ್ಕರಿಸುವಾಗ ನಾನು ಅಂಗಡಿಗೆ ಹೋಗಿ ಬೆಲೆ ಬರೆದುಕೊಂಡು ಬರುತ್ತೇನೆ. ಹಳೇ ಬೆಲೆ ಹಾಗೇ ಬಿಟ್ಟರೆ ಮಕ್ಕಳು ನಗುತ್ತಾರೆ. ಹನ್ನೆರಡು, ಹದಿನೆಂಟು, ಇಪ್ಪತ್ತಾರು, ನಲವತ್ತು, ಐವತ್ತು, ಅರವತ್ತೈದು: ಆರು ಪರಿಷ್ಕರಣೆಗಳ ಆರು ಹಾಳೆ ನನ್ನ ಖಾನೆಯಲ್ಲಿವೆ. ಬೆಲೆ ಏರಿಕೆ ವರ್ಷಕ್ಕೆ ಸರಾಸರಿ ಶೇಕಡಾ ಐದು ಎಂದು ತಮ್ಮ ವಾರ್ಷಿಕ ವರದಿ ಹೇಳುತ್ತದೆ. ನಮ್ಮ ಬೀದಿಯ ಅಂಗಡಿಯವನು ಆ ವರದಿ ಓದಿದ ಹಾಗಿಲ್ಲ.

ಆ ಮಹಿಳೆಯೂ ಕಲ್ಪನೆಯಲ್ಲ. ಆಕೆ ನನ್ನ ಚಿಕ್ಕಮ್ಮ. ನಮ್ಮ ಪುಸ್ತಕಗಳನ್ನು ಅಚ್ಚು ಹಾಕುವ ಮುದ್ರಣಾಲಯದಲ್ಲಿ ಹಾಳೆ ಮಡಚುವುದು, ಹೊಲಿಯುವುದು ಅವರ ಕೆಲಸವಾಗಿತ್ತು. ದಿನಕ್ಕೆ ಸಾವಿರಾರು ಹಾಳೆ. ಚಕ್ರಬಡ್ಡಿಯ ಪುಟ ಮಡಿಕೆಯ ಮೇಲ್ಭಾಗಕ್ಕೆ ಬರುತ್ತಿದ್ದುದರಿಂದ ಅದೊಂದನ್ನು ಅವರು ಬೇಡವೆಂದರೂ ಓದಬೇಕಾಗುತ್ತಿತ್ತು. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಆ ಹಾಳೆ ಹಿಡಿದುಕೊಂಡೇ ನನ್ನ ಬಳಿ ಬಂದರು. ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ‘ಇದು ನಿಜಾನಾ, ಪುಸ್ತಕದಲ್ಲಿ ಮಾತ್ರಾನಾ? ನೀನು ಇಂಗ್ಲಿಷಲ್ಲಿ ಓದಿದೋಳು, ಸರಿಯಾಗಿ ಹೇಳು’ ಎಂದರು.

ಅವರಿಗೆ ಬೇಕಿದ್ದದ್ದು ಒಂದು ಕೋಣೆ. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಕಿಟಕಿ, ಒಂದು ಒಲೆಕಟ್ಟೆ, ಹೊರಗೆ ನಲ್ಲಿ. ಅದರಲ್ಲೇ ಅವರು ಬಾಡಿಗೆಗಿದ್ದರು. ಹಣ ಹೊಂದಿಸಿಕೊಂಡ ದಿನ ಮೂರು ಮುಕ್ಕಾಲು ಲಕ್ಷಕ್ಕೆ ಬರೆದುಕೊಡುತ್ತೇನೆ ಎಂದು ಕಟ್ಟಡದ ಒಡತಿಯೂ ಆದ ಅಂಗಡಿಯಾಕೆ ಹೇಳಿದ್ದರು. ನಾನು ಲೆಕ್ಕ ಮಾಡಿದೆ: ಚಿಕ್ಕಮ್ಮನ ಬಳಿ ಇದ್ದ ಒಂದು ಲಕ್ಷ ಇಪ್ಪತ್ತು ವರ್ಷಕ್ಕೆ 3,86,968. ಮಿಕ್ಕ ಹನ್ನೊಂದು ಸಾವಿರ ಚಿಲ್ಲರೆಯಲ್ಲಿ ಗೋಡೆಗೆ ಬಣ್ಣ ಹೊಡೆಸಬಹುದೆಂದು ನಕ್ಕೆವು.

ಕೋಣೆಯ ಬೆಲೆ ಏರದೇ ಇರುತ್ತದೆಯೇ ಎಂಬ ಯೋಚನೆ ನನಗೆ ಬರಲಿಲ್ಲ. ಅವರಿಗೆ ಬಂತು. ಅವರೇ ಸಮಾಧಾನವನ್ನೂ ಹೇಳಿಕೊಂಡರು: ‘ಬೆಲೆ ಏರೋದು ಸರ್ಕಾರಕ್ಕೆ ಗೊತ್ತಿರಲ್ವಾ? ಅದನ್ನೆಲ್ಲ ಸೇರಿಸೇ ಬಡ್ಡಿ ಇಟ್ಟಿರ್ತಾರೆ.’ ನಾನು ತಲೆಯಾಡಿಸಿದೆ. ಕಾರ್ಯದರ್ಶಿಯವರೇ, ತಮ್ಮ ಜಾಹೀರಾತುಗಳೆಲ್ಲ ಸೇರಿ ಮಾಡದ ಕೆಲಸವನ್ನು ನನ್ನ ಆ ತಲೆಯಾಡಿಕೆ ಮಾಡಿತು.

ಕಳೆದ ತಿಂಗಳು ಆ ಉಳಿತಾಯ ಪತ್ರದ ಅವಧಿ ಮುಗಿಯಿತು. ಕೌಂಟರಿನ ಗುಮಾಸ್ತ ಖುಷಿಯಿಂದ, ‘ಒಂದಕ್ಕೆ ಹತ್ತಿರ ಹತ್ತಿರ ನಾಲ್ಕಾಗಿದೆ ಅಜ್ಜಿ, ನಮಗೇನೂ ಇಲ್ವಾ?’ ಎಂದ. ಚಿಕ್ಕಮ್ಮ ರಸೀದಿ ಮಡಚಿದರು. ಅಂಚಿಗೆ ಅಂಚು ಕೂಡಿಸಿ, ಉಗುರಿನಿಂದ ತೀಡಿ, ಮುದ್ರಣಾಲಯದಲ್ಲಿ ಮಡಚುತ್ತಿದ್ದ ಹಾಗೆ. ‘ನಾಲ್ಕಾಗಿರೋದು ಅಂಕಿ ಕಣಪ್ಪಾ’ ಎಂದರು.

ಕೋಣೆಗೆ ಈಗ ಇಪ್ಪತ್ತೊಂದು ಲಕ್ಷ. ಅಂಗಡಿಯಾಕೆ ಕೆಟ್ಟವರಲ್ಲ. ಹಣ ಇಟ್ಟುಕೊಂಡರೆ ಕರಗುತ್ತದೆ, ಮಗಳ ಹೆಸರಿಗೆ ಇನ್ನೊಂದು ಮನೆ ಕೊಳ್ಳಲು ಈ ಕಟ್ಟಡ ಮಾರುತ್ತಿದ್ದೇನೆ ಎಂದು ಚಿಕ್ಕಮ್ಮನ ಕೈ ಹಿಡಿದು ಅತ್ತರಂತೆ. ತಾವು ಬರೆಸದಿದ್ದರೂ ಅವರು ಎರಡನೇ ಪ್ರಶ್ನೆಗೆ ಉತ್ತರ ಬರೆದಿದ್ದಾರೆ, ನೋಡಿ. ತಿಂಗಳ ಕೊನೆಗೆ ಕೋಣೆ ಖಾಲಿಯಾಗಬೇಕು.

ಇದು ಹೇಗಾಯಿತೆಂದು ತಿಳಿಯಲು ತಮ್ಮ ಬಜೆಟ್ ದಾಖಲೆಗಳನ್ನೇ ಓದಿದೆ. ನಾವು ಕೊಡುವ ತೆರಿಗೆಯ ಮೂರನೇ ಒಂದು ಭಾಗ ಹಳೆಯ ಸಾಲಗಳ ಬಡ್ಡಿಗೆ ಹೋಗುತ್ತದೆ. ಅಸಲು ತೀರಿಸಲು ಹೊಸ ಸಾಲ. ಅದೂ ಸಾಲದಾದಾಗ ಹೊಸ ಹಣದ ಸೃಷ್ಟಿ. ಅದಕ್ಕೆ ತಾವು ಬಳಸುವ ಪದ ‘ನಗದು ಹರಿವಿನ ಸುಧಾರಣೆ’. ಸಾಲ ತಂದವನ ಕೈಯಲ್ಲೇ ಅಳತೆಯ ಸೇರೂ ಇದ್ದರೆ ಇನ್ನೇನಾಗುತ್ತದೆ? ಪಡೆದದ್ದು ದೊಡ್ಡ ಸೇರಿನಲ್ಲಿ, ವಾಪಸ್ ಅಳೆದದ್ದು ಸಣ್ಣ ಸೇರಿನಲ್ಲಿ. ಎರಡರ ಮೇಲೂ ಒಂದೇ ಸರ್ಕಾರಿ ಮುದ್ರೆ. ಹೀಗಿರುವುದರಿಂದಲೇ ತಾವು ಒಂದು ಪೈಸೆಯನ್ನೂ ತಪ್ಪದೆ ತೀರಿಸಿದ್ದೇವೆ ಎಂದು ಎದೆತಟ್ಟಿ ಹೇಳಬಲ್ಲಿರಿ. ಸುಳ್ಳಲ್ಲ. ಚಿಕ್ಕಮ್ಮನಿಗೆ ಬರಬೇಕಾದ 3,86,968 ಪೂರ್ತಿ ಬಂದಿದೆ.

ಆ ಹಣದಿಂದ ರಸ್ತೆ, ಆಸ್ಪತ್ರೆ ಆಗಿಲ್ಲವೇ ಎಂದು ತಾವು ಕೇಳಬಹುದು. ಆಗಿರಬಹುದು, ನಾನೂ ಆ ರಸ್ತೆಯಲ್ಲೇ ಓಡಾಡುತ್ತೇನೆ. ಚಿಕ್ಕಮ್ಮನಂಥವರಿಗೆ, ಅದರ ಖರ್ಚಿನಲ್ಲಿ ಅವರ ಪಾಲೂ ಇದೆ ಎಂದು ಯಾರಾದರೂ ಹೇಳಿದ್ದರೇ ಎಂಬುದಷ್ಟೇ ನನ್ನ ಪ್ರಶ್ನೆ.

ತಮ್ಮತ್ತ ಮಾತ್ರ ಬೆರಳು ತೋರಿಸಿ ಮುಗಿಸಿದರೆ ಈ ಪತ್ರವೂ ಅರ್ಧ ಲೆಕ್ಕವಾಗುತ್ತದೆ. ಹದಿನೈದು ವರ್ಷದ ಹಿಂದೆ ನಾನೂ ನನ್ನ ಗಂಡನೂ ಮನೆಸಾಲ ಮಾಡಿದೆವು. ಮೊದಲ ವರ್ಷಗಳಲ್ಲಿ ಕಂತು ಕಟ್ಟುವಾಗ ಉಸಿರು ಕಟ್ಟುತ್ತಿತ್ತು. ಈಗ ಅದೇ ಕಂತು ನಾವು ನಾಲ್ವರು ಎರಡು ಸಲ ಹೊರಗೆ ಊಟ ಮಾಡಿದ ಬಿಲ್ಲಿನಷ್ಟು. ನಮ್ಮ ಜಾಣತನವೆಂದುಕೊಂಡಿದ್ದೆ. ಸಂಬಳವೂ ಬೆಲೆಯೂ ಏರಿದವು, ಸಾಲ ಮಾತ್ರ ನಿಂತಲ್ಲೇ ಕುಗ್ಗಿತು. ಉಳಿಸಿದವರ ಹಣದಿಂದ ಸೋರಿದ್ದು ಸಾಲ ಮಾಡಿದವರ ನೆಲದಡಿ ಇಂಗಿದೆ. ಸಾಲ ಮಾಡಿದ ನನಗೆ ಮೂರು ಕೋಣೆ. ಮಾಡಬಾರದೆಂದು ಬದುಕಿದ ಚಿಕ್ಕಮ್ಮನಿಗೆ ಒಂದೂ ಇಲ್ಲ. ಇದನ್ನು ಅವರ ಮುಂದೆ ಹೇಳಿಕೊಂಡೆ. ‘ನೀನಾದ್ರೂ ಉಳ್ಕೊಂಡ್ಯಲ್ಲ’ ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಅವರು ನಮ್ಮ ಮನೆಗೇ ಬರುತ್ತಿದ್ದಾರೆ. ಮಗನ ಪುಸ್ತಕದ ಕಪಾಟು ಸರಿಸಿ ಮಂಚ ಹಾಕಿದ್ದೇವೆ. ನಿಮ್ಮದೇ ಮನೆ ಅಂದುಕೊಳ್ಳಿ ಎಂದು ನಾನು ಹೇಳಿದ್ದಕ್ಕೆ, ‘ನಿನ್ನ ಮನೇಲಿ ಇರೋದು ಬೇರೆ, ನನ್ನ ಬಾಗಿಲಿಗೆ ನಾನು ಚಿಲಕ ಹಾಕ್ಕೊಳ್ಳೋದು ಬೇರೆ ಕಣೇ’ ಎಂದರು. ಭಾನುವಾರ ಹೋದಾಗ ಅವರು ಸ್ಟೂಲಿನ ಮೇಲೆ ಕೂತು ಆ ಕೋಣೆಯ ಚಿಲಕವನ್ನೇ ಬಿಚ್ಚುತ್ತಿದ್ದರು. ಬಾಡಿಗೆಗೆ ಬಂದ ಹೊಸದರಲ್ಲಿ ಅವರೇ ತಂದು ಹಾಕಿಸಿದ್ದು. ನಾಲ್ಕು ತಿರುಪುಗಳನ್ನು ತಮ್ಮ ಇಲಾಖೆಯ ಲಕೋಟೆಯೊಳಗೆ ಹಾಕಿಕೊಂಡರು. ಉಳಿತಾಯ ಪತ್ರ ಇಪ್ಪತ್ತು ವರ್ಷ ಇದ್ದದ್ದು ಅದರಲ್ಲೇ.

ನಾನು ಕೇಳುತ್ತಿರುವುದು ಪರಿಹಾರವನ್ನಲ್ಲ. ಎರಡನೇ ಪ್ರಶ್ನೆಯನ್ನು ಪುಟಕ್ಕೆ ವಾಪಸ್ ಹಾಕಿ. ಪುಟದಲ್ಲಷ್ಟೇ ಅಲ್ಲ, ತಾವು ಮಾರುವ ಪ್ರತಿಯೊಂದು ಉಳಿತಾಯ ಪತ್ರದ ಮೇಲೂ, ಬಡ್ಡಿಯ ದರ ಅಚ್ಚಾಗುವಷ್ಟೇ ದಪ್ಪ ಅಕ್ಷರದಲ್ಲಿ ಅದನ್ನು ಮುದ್ರಿಸಿ. ಸಾಧ್ಯವಿಲ್ಲದಿದ್ದರೆ ಮೊದಲನೆಯದನ್ನೂ ತೆಗೆಯಿರಿ. ಅಚ್ಚಿಗೆ ಹೋಗುವ ಮುನ್ನ ಆ ಪುಟಕ್ಕೆ ನನ್ನ ಸಹಿ ಬೇಕು. ಬರೀ ಮೊದಲ ಪ್ರಶ್ನೆಯಿರುವ ಪುಟಕ್ಕೆ ನಾನು ಸಹಿ ಹಾಕುವುದಿಲ್ಲ. ಹಾಕುವ ಬೇರೊಬ್ಬರು ತಮಗೆ ಸಿಗುತ್ತಾರೆ, ಗೊತ್ತು. ಇಪ್ಪತ್ತು ವರ್ಷದ ಹಿಂದೆ ನಾನೂ ಸಿಕ್ಕಿದ್ದೆ.

ಇಂತಿ,
ಅರ್ಧ ಲೆಕ್ಕ ಹೇಳಿಕೊಟ್ಟು ತಲೆಯಾಡಿಸಿದ,
ಗಣಿತ ಪುಸ್ತಕದ ಸಂಪಾದಕಿ