ಹದಿನೇಳನೇ ನಂಬರಿನ ಕಡಲೆಬೀಜ

ಅಕ್ಕಾ,

ಸುದ್ದಿ ಏನೇ ಇರಲಿ ಫೋನಿನಲ್ಲಿ ಹೇಳಬೇಡ, ಬರೆದು ಹಾಕು, ಕೂತು ಓದ್ಕೋತೀನಿ ಅಂದಿದ್ದೆಯಲ್ಲ, ಅದಕ್ಕೇ ಈ ಕಾರ್ಡು. ಹತ್ತು ನಿಮಿಷದ ವಾಯ್ಸ್ ನೋಟ್ ಕಳಿಸುವ ನನಗೆ ಇಷ್ಟು ಜಾಗ ಯಾವ ಮೂಲೆಗೆ ಸಾಕು ಹೇಳು!

ರೋಗ ಇದೆಯಾ ನೋಡಿಸು ಅಂತ ನೀನು ಕೊಟ್ಟ ನಲವತ್ತು ಕಡಲೆಬೀಜಕ್ಕೂ ಇಲ್ಲಿ ಲ್ಯಾಬಿನಲ್ಲಿ ನಂಬರು ಕೊಟ್ಟರು. ಅಲ್ಲಿನ ಮೇಡಂ ಮೊಳಕೆ ಬರುವ ತುದಿ ಮುಟ್ಟದೆ, ಇನ್ನೊಂದು ತುದಿಯಿಂದ ಒಂದೊಂದು ಚೂರು ಹೆರೆದು, ಅರೆದು, ಸಣ್ಣ ಗುಳಿಗಳಿರುವ ತಟ್ಟೆಗೆ ಹಾಕಿದರು. ವೈರಸ್ ಇದ್ದರೆ ಕೊನೆಗೆ ಆ ಗುಳಿಯ ನೀರು ಹಳದಿಯಾಗುತ್ತದಂತೆ. ನಾನು ನಿನ್ನ ಗುಣಗಾನ ಮಾಡುತ್ತಾ ಮಾಡುತ್ತಾ, ಕೈಗೆ ಸಿಕ್ಕಿದ್ದನ್ನು ಬಾಯಿಗೆ ಎಸೆದುಕೊಂಡೆ.

"ಸಾರ್, ಹದಿನೇಳನೇದು ಎಲ್ಲಿ?"

"ಅಗೀತಾ ಇದೀನಿ ಮೇಡಂ."

"ಚೆನ್ನಾಗಿದೆ! ನಿಮ್ಮಕ್ಕಂಗೆ ನೀವೇ ಹೇಳ್ಕೊಳ್ಳಿ, ನನ್ನ ಇದಕ್ಕೆ ಎಳೀಬೇಡಿ."

ನಾಲ್ಕು ಗುಳಿ ಹಳದಿಯಾದವು ಅಕ್ಕಾ. ಮೂಟೆಯಲ್ಲಿರುವುದನ್ನು ಬಿತ್ತಬೇಡ, ಎಣ್ಣೆ ಮಾಡಿಸಿಬಿಡು. ಇದು ಗಿಡಕ್ಕೆ ಬರುವ ರೋಗ, ತಿನ್ನುವವರಿಗೆ ಏನೂ ಆಗಲ್ಲ. ನಾನೂ ಗುಂಡುಕಲ್ಲಿನ ಹಾಗಿದ್ದೀನಿ. ಹದಿನೇಳನೇದರ ಚೂರು ಮೊದಲೇ ತಟ್ಟೆಗೆ ಬಿದ್ದಿತ್ತು, ಅದೂ ಶುದ್ಧವಾಗಿತ್ತು, ಬಂದಮೇಲೆ ಎಷ್ಟು ಬೇಕೋ ಅಷ್ಟು ಬೈಯಿ. ಮಿಕ್ಕ ಮೂವತ್ತೈದೂ ಚೆನ್ನಾಗಿವೆ, ಹೆರೆದಿದ್ದರೂ ಮೊಳೆಯುತ್ತವಂತೆ. ಬೇರೆ ಬೆಳೆಯಿಂದ ದೂರದಲ್ಲಿ ಒಂದು ಮಡಿ ಅಗೆದಿಡು, ಭಾನುವಾರ ಬರ್ತೀನಿ. ಅಮ್ಮ ಕೊಟ್ಟ ತಳಿ ನಿನ್ನ ಕೈಯಲ್ಲೇ ಮುಗೀತು ಅಂತ ಇನ್ನು ಅಳಬೇಡ.

ನನ್ನ ಬಾಯಿಯ ಮೇಲೆ ನಂಬಿಕೆಯಿಲ್ಲದೆ ಮೇಡಂ ಬೀಜದ ಕವರಿಗೆ ಅಂಟು ಹಾಕಿ ಕೊಟ್ಟರು. ಮೇಲೆ ನಂಬರು ಬರೆಯುವ ಜಾಗದಲ್ಲಿ "ಅಕ್ಕನ ಬೀಜ" ಅಂತ ಬರೆದಿದ್ದಾರೆ.

ನಿನ್ನ ತಮ್ಮ