ಹಗ್ಗ ಬಿಚ್ಚುವ ಮೊದಲೇ ಹೊರಟ ಬೋಟು

ಭಟ್ಕಳ ಬಂದರು
೨೨ ಆಗಸ್ಟ್ ೨೦೨೪, ಗುರುವಾರ ಸಂಜೆ

ಪ್ರೀತಿಯ ಮಗ ಕಿರಣನಿಗೆ,

ಹೇಗಿದ್ದೀಯೋ? ಕೆಮ್ಮು ಇಳಿಯಿತೇ? ಕಷಾಯದ ಪುಡಿ ಕಳಿಸಿದ್ದೇನೆ. ಮೂಸಿ ನೋಡಿ ನೀರಿಗೆ ಎಸೆದೆ ಎಂದು ಗೊತ್ತಾದರೆ, ಬಂದ ಮೇಲೆ ನಿನಗಿದೆ. ನಾನು ಗಟ್ಟಿಯಾಗಿದ್ದೇನೆ. ಫೋನು ಹಚ್ಚಿದರೆ ಆ ಹೆಂಗಸು ವ್ಯಾಪ್ತಿ ಪ್ರದೇಶದಲ್ಲಿಲ್ಲ ಎಂದು ಒಂದೇ ಸಮನೆ ಹೇಳುತ್ತಾಳೆ, ಅವಳ ಬಾಯಿಗೆ ಮಣ್ಣು ಬೀಳಲಿ. ದೇವುವಿನ ಬೋಟು ನಾಳೆ ಬೆಳಿಗ್ಗೆ ಐಸು ತುಂಬಿಕೊಂಡು ನೀನು ಮೀನು ಹಿಡಿಯುತ್ತಿರುವ ಕಡೆಗೇ ಬರುತ್ತದಂತೆ. ಅವನ ಕೈಯಲ್ಲಿ ಈ ಕಾಗದ ಕೊಡುತ್ತೇನೆ.

ಇಲ್ಲಿ ಮಧ್ಯಾಹ್ನದಿಂದ ಮೋಡ ಕಟ್ಟಿದೆ, ಗಾಳಿ ಮಾತ್ರ ಇಲ್ಲ. ಕಡಲು ಸುಮ್ಮನೆ ಬಿದ್ದುಕೊಂಡಿದೆ. ಹೀಗೆ ಸುಮ್ಮನಿದ್ದರೆ ನಿಮ್ಮಪ್ಪ ಊಟ ಅರ್ಧಕ್ಕೆ ಬಿಟ್ಟು ದಡಕ್ಕೆ ಹೋಗಿ ನಿಲ್ಲುತ್ತಿದ್ದರು, ನೆನಪಿದೆಯಲ್ಲ? ಅವರು ತೀರಿಕೊಂಡ ಮೇಲೆ ಬೋಟಿನ ಹಳೆಯ ಕಂಪ್ಯೂಟರೂ ಉಪ್ಪು ತಿಂದು ಸತ್ತಿತು. ಹೊಸದು ತಗೋ ಎಂದರೆ ನೀನು ಕೇಳಲಿಲ್ಲ. ನೀರಿನಡಿಯ ಕಲ್ಲುಗಳನ್ನೆಲ್ಲ ಅಪ್ಪ ಬೋಟು ಎಲ್ಲಿದೆಯೆಂದು ನಕ್ಷೆಯಲ್ಲಿ ತೋರಿಸುವ ಆ ಹಳೆಯ ಪ್ರೋಗ್ರಾಮಿನಲ್ಲೇ ಗುರುತು ಮಾಡಿದ್ದಾರೆ, ಅದೇ ಬೇಕು ಎಂದು ಮೊಂಡು ಹಿಡಿದೆ. ಹೊಸ ಲ್ಯಾಪ್‌ಟಾಪಿನಲ್ಲಿ ಅದು ತೆರೆಯಲೇ ಇಲ್ಲ. ಆಮೇಲೆ ನಿನ್ನ ತಂಗಿ ಕುಮಟೆಯಿಂದ ಬಂದು ಎಮ್ಯುಲೇಟರ್ ಎಂದು ಏನೋ ಹಾಕಿ ತೆರೆಸಿದಳು. "ಎಂತ ಮಾಡಿದ್ಯೆ ದಿವ್ಯಾ?" ಎಂದು ಕೇಳಿದೆ. "ನೀ ಹಳೇ ಮಶೀನಿನಲ್ಲೇ ಇದ್ದೆ ಅಂತ ಅದಕ್ಕೆ ನಂಬಿಸೂದು ಅಮ್ಮಾ, ಅಷ್ಟೇಯ" ಎಂದಳು. ತಾಯಿ ಮನೆಯಲ್ಲಿಲ್ಲದಾಗ ಅಳುವ ಮಗುವಿಗೆ ಅವಳ ಸೀರೆ ಹೊದಿಸಿ ಮಲಗಿಸುತ್ತೇವಲ್ಲ, ಹಾಗೆ ಎಂದುಕೊಂಡೆ. ಮಲಗುವುದೇನೋ ಮಲಗುತ್ತದೆ. ಎದ್ದು ಹಾಲು ಕೇಳಿದರೆ ಸೀರೆ ಕೊಡುತ್ತದೆಯೇ?

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಎಂದರೆ, ಹುಣ್ಣಿಮೆಯ ದಿನದ್ದು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಕಡಲಿಗೆ ತೆಂಗಿನಕಾಯಿ ಬಿಟ್ಟು ಬಂದು ನೀವು ಬೋಟಿನಲ್ಲಿದ್ದ ಲ್ಯಾಪ್‌ಟಾಪಿಗೂ ಹೂವು ಮುಡಿಸಿದಿರಿ. ನಾನು ಆರತಿ ಎತ್ತುತ್ತಿದ್ದೆ. ಅಷ್ಟರಲ್ಲಿ ಪರದೆಯ ಮೇಲಿನ ಆ ಪುಟ್ಟ ಬೋಟು ತಾನಾಗಿ ಹೊರಟಿತು. "ನಮ್ಮಕಿಂತ ಮುಂಚೆ ದೇವರೇ ಹೊಂಟ, ಇನ್ನೆಂತ ಬೇಕು!" ಎಂದು ದೇವು ಕೂಗಿದ, ಎಲ್ಲರೂ ಕೈಮುಗಿದರು. ನಾನೂ ಮುಗಿದೆ. ಆದರೆ ಕಿರಣ, ನಿನ್ನ ಬೋಟಿನ ಹಗ್ಗ ಇನ್ನೂ ದಡದ ಗೂಟದಲ್ಲೇ ಇತ್ತು. ನಾನು ಕಣ್ಣಾರೆ ನೋಡಿದ್ದೇನೆ. ಒಳ್ಳೆಯ ಕೆಲಸದ ಹೊತ್ತಿನಲ್ಲಿ ಅಪಶಕುನ ಆಡಬಾರದು ಎಂದು ಬಾಯಿ ಮುಚ್ಚಿಕೊಂಡೆ.

ಇರಲಿ, ಮುದುಕಿಯ ಹೆದರಿಕೆ ಎಂದು ನೀನು ನಗುತ್ತೀಯ. ನಗು, ನಗುತ್ತಲೇ ಮನೆಗೆ ಬಾ. ಬೋಟಿನಲ್ಲಿರುವ ಎಲ್ಲರಿಗೂ ನನ್ನ ಆಶೀರ್ವಾದ. ಕಡಲಮ್ಮ ನಿನ್ನನ್ನು ಮಡಿಲಲ್ಲಿಟ್ಟು ಕಾಯಲಿ.

ನಿನ್ನ ಅಮ್ಮ,
ಮಾಸ್ತಮ್ಮ

ತಾ.ಕ.: ಕಿರಣ, ಮೇಲಿನದ್ದೆಲ್ಲ ಬಿಡು, ಇದನ್ನು ಮೊದಲು ಓದು. ದಿವ್ಯಾ ಈಗಷ್ಟೇ ಬಂದಳು. ಅದೇ ಪ್ರೋಗ್ರಾಮಿನ ಪ್ರತಿ ಅವಳ ಲ್ಯಾಪ್‌ಟಾಪಿನಲ್ಲೂ ಇದೆ. ನನ್ನ ಸಮಾಧಾನಕ್ಕೆಂದು ಅಡುಗೆಮನೆಯ ಮೇಜಿನ ಮೇಲಿಟ್ಟು ತೆರೆದಳು. ಆಂಟೆನಾ ಇಲ್ಲ, ತಂತಿ ಇಲ್ಲ, ಇಲ್ಲೂ ಬೋಟು ಹೊರಟಿದೆ! ದಿವ್ಯಾ ತಲೆಯ ಮೇಲೆ ಕೈಹೊತ್ತು ಅಳುತ್ತಿದ್ದಾಳೆ. ಅವಳು ಹಾಕಿದ ಎಮ್ಯುಲೇಟರ್ ದಾಟಿ ಉಪಗ್ರಹದ ಸುದ್ದಿ ಅದಕ್ಕೆ ಮುಟ್ಟುತ್ತಲೇ ಇಲ್ಲವಂತೆ, ನಿನ್ನ ಬೋಟಿನಲ್ಲೂ ಅಷ್ಟೇ. ಮುಟ್ಟದಿದ್ದರೆ ಒಳಗೆ ಉಳಿದ ಕೊನೆಯ ಪ್ರಯಾಣವನ್ನೇ ತಿರುಗಿ ತೋರಿಸುತ್ತದಂತೆ. ಹೌದು, ನನಗೆ ಗುರುತು ಸಿಕ್ಕಿತು. ಕಡಲ ನಡುವಿನ ನೇತ್ರಾಣಿ ಗುಡ್ಡದ ಮರೆಯಲ್ಲಿ ನಿಂತು, ಸ್ವಲ್ಪ ತಡೆದು, ತೆಂಕಕ್ಕೆ ತಿರುಗಿತು. ಹಾಗೆ ತಿರುಗಿಸುತ್ತಿದ್ದವರು ಒಬ್ಬರೇ. ದೇವು ಬೆಳಗಿನವರೆಗೆ ಕಾಯುವುದಿಲ್ಲ, ಎಂಜಿನ್ ಶುರು ಮಾಡಿದ್ದಾನೆ, ಕಾಗದಕ್ಕೆ ಕೈಚಾಚಿ ನಿಂತಿದ್ದಾನೆ. ಪರದೆ ಮುಚ್ಚು, ಇದ್ದಲ್ಲೇ ಲಂಗರು ಬಿಡು. ಕಲ್ಲು ನಿನ್ನ ಅಡಿಯಲ್ಲೇ ಇದ್ದರೂ ಅದು ತೋರಿಸುವುದಿಲ್ಲ. ಅದರಲ್ಲಿ ನಡೆಯುತ್ತಿರುವುದು ನಿನ್ನ ಬೋಟಲ್ಲ ಮಗಾ, ನಿಮ್ಮಪ್ಪನದು. ಅವರ ಹಿಂದೆ ಹೋಗಬೇಡ.